ನಿಷೇಚನ ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪ್ರೋಟಿಯೇಸ್‌ಗಳು

ಪ್ರೋಟಿಯೇಸ್‌ಗಳು ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು. ಪ್ರೋಟೀನಿನ ಸರಪಳಿಯಲ್ಲಿ ಒಂದು ಅಮೈನೋ ಆಮ್ಲವನ್ನು ಇನ್ನೊಂದಕ್ಕೆ ಬೆಸೆದಿರುವ ಪೆಪ್ಟೈಡ್ ಬಂಧವನ್ನು ಇವು ನೀರಿನ ಅಣುವಿನ ನೆರವಿನಿಂದ ಬಿಡಿಸುತ್ತವೆ. ಜಠರದ ಪೆಪ್ಸಿನ್, ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಮುಂತಾದ ಜೀರ್ಣಕಾರಿ ಕಿಣ್ವಗಳು ಈ ವರ್ಗದ ಚಿರಪರಿಚಿತ ಸದಸ್ಯರು. ಆದರೆ ಮಾನವನ ಜೀನೋಮಿನಲ್ಲಿ ಪ್ರೋಟಿಯೇಸ್‌ಗಳಿಗೆ ಸಂಬಂಧಿಸಿದ 550ಕ್ಕೂ ಹೆಚ್ಚು ವಂಶವಾಹಿಗಳಿವೆ. ಅವುಗಳಲ್ಲಿ ಬಹುಪಾಲಿಗೆ ಆಹಾರದ ಜೀರ್ಣಕ್ರಿಯೆಯೊಡನೆ ಸಂಬಂಧವಿಲ್ಲ. ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯುವುದು, ಜೀವಕೋಶಗಳ ವಿಭಜನೆ ಹಾಗೂ ಮರಣ ಇವೆಲ್ಲ ಪ್ರೋಟಿಯೇಸ್‌ಗಳ ಮೂಲಕವೇ ನಡೆಯುತ್ತವೆ.

ವೀರ್ಯಾಣು ಮತ್ತು ಅಂಡಾಣುಗಳ ಸಂಯೋಗವಾದ ನಿಷೇಚನದ (ಫಲೀಕರಣದ) ಹಲವು ಹಂತಗಳಲ್ಲಿ ಪ್ರೋಟಿಯೇಸ್‌ಗಳು ಪಾಲ್ಗೊಳ್ಳುತ್ತವೆ. ಕ್ಯಾನ್ಸರ್ ಜೀವಕೋಶಗಳು ತಮ್ಮ ನೆಲೆಯಿಂದ ಹೊರಬಿದ್ದು ಹರಡುವಾಗ ಬಳಸುವುದೂ ಇದೇ ಕುಟುಂಬಗಳ ಕಿಣ್ವಗಳನ್ನು. ಈ ಕಾರಣದಿಂದ ಅವು ಬಹುಕಾಲದಿಂದ ಕ್ಯಾನ್ಸರ್ ಔಷಧಗಳ ಗುರಿಯಾಗಿವೆ. ಆ ಪ್ರಯತ್ನಗಳಲ್ಲಿ ಕೆಲವು ದೊಡ್ಡ ಯಶಸ್ಸು ಕಂಡರೆ, ಕೆಲವು ರೋಗಿಗಳಿಗೆ ಹಾನಿಯನ್ನೇ ಉಂಟುಮಾಡಿದವು. ಯಾವ ಕಿಣ್ವ, ಯಾವ ಪ್ರೋಟೀನನ್ನು, ಯಾವ ಹೊತ್ತಿನಲ್ಲಿ ಕತ್ತರಿಸುತ್ತದೆ ಎಂಬುದರ ಮೇಲೆ ಈ ವ್ಯತ್ಯಾಸ ನಿಂತಿದೆ.

ಕಾರ್ಯವಿಧಾನ

ಪೆಪ್ಸಿನ್‌ಗೆ 1836ರಲ್ಲಿ ಥಿಯೊಡೋರ್ ಶ್ವಾನ್ ಹೆಸರಿಟ್ಟನು. ಟ್ರಿಪ್ಸಿನ್ ಎಂಬ ಹೆಸರನ್ನು 1876ರಲ್ಲಿ ವಿಲ್ಹೆಲ್ಮ್ ಕ್ಯೂನೆ ಬಳಕೆಗೆ ತಂದನು. ಕತ್ತರಿಸುವ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸುವ ಅಮೈನೋ ಆಮ್ಲ ಅಥವಾ ಲೋಹವನ್ನು ಆಧರಿಸಿ ಪ್ರೋಟಿಯೇಸ್‌ಗಳನ್ನು ಸೆರೀನ್, ಸಿಸ್ಟೀನ್, ಆಸ್ಪಾರ್ಟಿಕ್, ಥ್ರಿಯೊನೀನ್ ಹಾಗೂ ಲೋಹಯುಕ್ತ ಪ್ರೋಟಿಯೇಸ್‌ಗಳೆಂದು ವಿಂಗಡಿಸಲಾಗುತ್ತದೆ. ಲೋಹಯುಕ್ತ ಪ್ರೋಟಿಯೇಸ್‌ಗಳಲ್ಲಿರುವ ಲೋಹ ಸಾಮಾನ್ಯವಾಗಿ ಸತು.

ಈ ಕಿಣ್ವಗಳ ಕೆಲಸ ಒಮ್ಮುಖವಾದುದು. ಕತ್ತರಿಸಿದ ಪ್ರೋಟೀನನ್ನು ಜೀವಕೋಶವು ಸಾಮಾನ್ಯವಾಗಿ ಮರಳಿ ಬೆಸೆಯಲಾರದು, ಹೊಸದನ್ನೇ ತಯಾರಿಸಬೇಕು. ಆದ್ದರಿಂದ ಹೆಚ್ಚಿನ ಪ್ರೋಟಿಯೇಸ್‌ಗಳು ನಿಷ್ಕ್ರಿಯ ರೂಪದಲ್ಲಿ ತಯಾರಾಗಿ, ಅಗತ್ಯ ಬಿದ್ದಾಗ ತಮ್ಮದೇ ಒಂದು ತುಣುಕನ್ನು ಕಳೆದುಕೊಂಡು ಸಕ್ರಿಯವಾಗುತ್ತವೆ. ಅವುಗಳ ಸುತ್ತ ಅವುಗಳನ್ನು ತಡೆಯುವ ಪ್ರತಿಬಂಧಕ ಪ್ರೋಟೀನುಗಳೂ ಸದಾ ಇರುತ್ತವೆ. ಕಿಣ್ವದ ಆಯ್ಕೆ ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ರೇಷ್ಮೆ ಪತಂಗ ಒಳ್ಳೆಯ ಉದಾಹರಣೆ. ಗೂಡಿನಿಂದ ಹೊರಬರುವಾಗ ಅದು ಕೊಕೂನೇಸ್ ಎಂಬ, ಟ್ರಿಪ್ಸಿನ್ ಹೋಲುವ ಕಿಣ್ವವನ್ನು ಸ್ರವಿಸುತ್ತದೆ. ಆ ಕಿಣ್ವ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಅಂಟನ್ನು ಕರಗಿಸುತ್ತದೆಯೇ ಹೊರತು ರೇಷ್ಮೆಯ ಎಳೆಯಾದ ಫೈಬ್ರೋಯಿನ್ ಅನ್ನು ಅಷ್ಟಾಗಿ ಮುಟ್ಟುವುದಿಲ್ಲ. ಸಡಿಲಗೊಂಡ ಎಳೆಗಳನ್ನು ಸರಿಸಿಕೊಂಡು ಪತಂಗ ಹೊರಬರುತ್ತದೆ.

ನಿಷೇಚನದಲ್ಲಿ ಪಾತ್ರ

ವೀರ್ಯದ ದ್ರವೀಕರಣ

ಸ್ಖಲನವಾದ ಕೂಡಲೇ ಮಾನವ ವೀರ್ಯವು ಲೋಳೆಯಂತೆ ಗಟ್ಟಿಯಾಗುತ್ತದೆ. ವೀರ್ಯಕೋಶಗಳು ಸ್ರವಿಸುವ ಸೆಮೆನೊಜೆಲಿನ್ ಎಂಬ ಪ್ರೋಟೀನುಗಳು ಹೆಣೆದುಕೊಳ್ಳುವುದು ಇದಕ್ಕೆ ಕಾರಣ. ಸಾಮಾನ್ಯವಾಗಿ 15ರಿಂದ 30 ನಿಮಿಷಗಳಲ್ಲಿ ಈ ಲೋಳೆ ಕರಗಿ, ವೀರ್ಯಾಣುಗಳಿಗೆ ಈಜಲು ಅನುವಾಗುತ್ತದೆ. ಕರಗಿಸುವ ಕೆಲಸ ಮಾಡುವುದು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಒಂದು ಸೆರೀನ್ ಪ್ರೋಟಿಯೇಸ್. ವೈದ್ಯಕೀಯ ಪರೀಕ್ಷೆಗಳಲ್ಲಿ ಇದರ ಹೆಸರು ಪಿಎಸ್‌ಎ, ಅಂದರೆ ಪ್ರಾಸ್ಟೇಟ್‌ನಿರ್ದಿಷ್ಟ ಪ್ರತಿಜನಕ. ಪ್ರಾಸ್ಟೇಟ್ ದ್ರವದಲ್ಲಿರುವ ಸತು ಮೊದಲು ಈ ಕಿಣ್ವವನ್ನು ಸುಮ್ಮನಿರಿಸಿರುತ್ತದೆ. ಸೆಮೆನೊಜೆಲಿನ್ ಆ ಸತುವನ್ನು ಹಿಡಿದುಕೊಂಡಾಗ ಕಿಣ್ವ ಬಿಡುಗಡೆಯಾಗಿ, ಆ ಸೆಮೆನೊಜೆಲಿನ್ ಅನ್ನೇ ತುಂಡರಿಸುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರಿನ ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದೇ ಕಿಣ್ವವನ್ನು. ವೀರ್ಯದಲ್ಲಿ ಇದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ಗ್ರಂಥಿಯ ಒಳರಚನೆ ಕೆಟ್ಟಾಗ ಅದು ರಕ್ತಕ್ಕೆ ಸೋರುತ್ತದೆ. ಕ್ಯಾನ್ಸರ್ ಇರುವವರ ಸ್ಥಿತಿಯ ಮೇಲೆ ನಿಗಾ ಇಡಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಈ ಪರೀಕ್ಷೆಗೆ 1986ರಲ್ಲಿ ಒಪ್ಪಿಗೆ ನೀಡಿತು. ರೋಗಪತ್ತೆಗೆ ನೆರವಾಗಿ ಬಳಸಲು ಒಪ್ಪಿಗೆ ದೊರೆತುದು 1994ರಲ್ಲಿ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬ ಮಿತಿ ದೀರ್ಘಕಾಲ ಬಳಕೆಯಲ್ಲಿತ್ತು. ಆದರೆ ವಯೋಸಹಜವಾಗಿ ಗ್ರಂಥಿ ಊದಿಕೊಂಡಾಗಲೂ ಸೋಂಕು ತಗುಲಿದಾಗಲೂ ಪಿಎಸ್‌ಎ ಏರುತ್ತದೆ. ಹಾಗಾಗಿ ಏರಿದ ಸಂಖ್ಯೆಯೊಂದೇ ಕ್ಯಾನ್ಸರಿಗೆ ಸಾಕ್ಷಿಯಲ್ಲ. ರಕ್ತದಲ್ಲಿ ಈ ಕಿಣ್ವದ ಬಹುಭಾಗ ಪ್ರತಿಬಂಧಕ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಳ್ಳದೆ ಬಿಡಿಯಾಗಿರುವ ಪಾಲು ಕಡಿಮೆಯಿದ್ದಷ್ಟೂ ಕ್ಯಾನ್ಸರಿನ ಸಂಭವ ಹೆಚ್ಚು ಎಂಬುದನ್ನು ವೈದ್ಯರು ಪರಿಗಣಿಸುತ್ತಾರೆ.

ಅಂಡಾಣುವಿನ ಹೊದಿಕೆಯನ್ನು ದಾಟುವುದು

ಸಸ್ತನಿಗಳ ಅಂಡಾಣುವನ್ನು ಜೋನಾ ಪೆಲ್ಯುಸಿಡಾ ಎಂಬ ಪಾರದರ್ಶಕ ಹೊದಿಕೆ ಸುತ್ತುವರಿದಿದೆ. ಮಾನವರಲ್ಲಿ ಇದು ನಾಲ್ಕು ಬಗೆಯ ಸಕ್ಕರೆಯುಕ್ತ ಪ್ರೋಟೀನುಗಳಿಂದಾಗಿದೆ. ವೀರ್ಯಾಣುವಿನ ತಲೆಯ ಮೇಲಿರುವ ಅಕ್ರೊಸೋಮ್ ಎಂಬ ಚೀಲದಲ್ಲಿ ಅಕ್ರೊಸಿನ್ ಎಂಬ ಸೆರೀನ್ ಪ್ರೋಟಿಯೇಸ್ ತುಂಬಿರುತ್ತದೆ. ಅಕ್ರೊಸಿನ್ ಹೊದಿಕೆಯಲ್ಲಿ ರಂಧ್ರ ಕೊರೆಯುತ್ತದೆ, ಅದಿಲ್ಲದೆ ನಿಷೇಚನ ಸಾಧ್ಯವಿಲ್ಲ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು.

1994ರಲ್ಲಿ ಜಪಾನಿನ ತದಾಶಿ ಬಾಬಾ ಮತ್ತು ಸಂಗಡಿಗರು ಅಕ್ರೊಸಿನ್ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳ ಕುರಿತು ವರದಿ ಮಾಡಿದಾಗ ಈ ತಿಳಿವಳಿಕೆ ಅಲುಗಾಡಿತು. ಆ ಗಂಡಿಲಿಗಳ ವೀರ್ಯಾಣುಗಳು ಹೊದಿಕೆ ದಾಟಲು ತಡಮಾಡಿದವು, ಆದರೂ ಮರಿಗಳು ಹುಟ್ಟಿದವು. ಅಕ್ರೊಸಿನ್ ಅನಿವಾರ್ಯವಲ್ಲ ಎಂಬ ತೀರ್ಮಾನ ಸುಮಾರು ಕಾಲು ಶತಮಾನ ಉಳಿದುಕೊಂಡಿತು. 2020ರಲ್ಲಿ ಜಪಾನಿನ ಸಂಶೋಧಕರೇ ಹ್ಯಾಮ್‌ಸ್ಟರ್‌ಗಳಲ್ಲಿ ಅದೇ ಪ್ರಯೋಗ ನಡೆಸಿದಾಗ ಫಲಿತಾಂಶ ತಿರುವುಮುರುವಾಯಿತು. ಅಕ್ರೊಸಿನ್ ಇಲ್ಲದ ಹ್ಯಾಮ್‌ಸ್ಟರ್ ವೀರ್ಯಾಣುಗಳು ಹೊದಿಕೆಗೆ ಅಂಟಿಕೊಂಡವಾದರೂ ಅದನ್ನು ಭೇದಿಸಲಾಗಲಿಲ್ಲ. ಒಂದು ಪ್ರಾಣಿಯ ಫಲಿತಾಂಶವನ್ನು ಎಲ್ಲ ಸಸ್ತನಿಗಳಿಗೂ, ಅದರಲ್ಲೂ ಮಾನವರಿಗೆ, ಅನ್ವಯಿಸುವಾಗ ಈ ಪ್ರಕರಣವನ್ನು ನೆನಪಿನಲ್ಲಿಡುವುದು ಒಳಿತು.

ಅಂಡಾಣುವಿನ ಸುತ್ತಲಿನ ಕೋಶಗಳ ನಡುವಿನ ಲೋಳೆಯನ್ನು ಕರಗಿಸುವ ಹಯಲುರೊನಿಡೇಸ್ ಅನ್ನು ಕೆಲವೆಡೆ ಪ್ರೋಟಿಯೇಸ್ ಎಂದು ಬರೆಯಲಾಗಿದೆ. ಅದು ಕತ್ತರಿಸುವುದು ಸಕ್ಕರೆಯ ಸರಪಳಿಯನ್ನು, ಪ್ರೋಟೀನನ್ನಲ್ಲ. ಇತರ ಪ್ರಾಣಿಗಳಲ್ಲಿ ವಿಧಾನಗಳು ಬೇರೆಬೇರೆ. ಸಮುದ್ರವಾಸಿ ಅಸಿಡಿಯನ್‌ಗಳ ಒಂದು ಪ್ರಭೇದದಲ್ಲಿ ವೀರ್ಯಾಣುವು ಅಂಡದ ಹೊದಿಕೆಯನ್ನು ಪ್ರೋಟಿಯಾಸೋಮ್ ಎಂಬ ಬೃಹತ್ ಕಿಣ್ವಸಂಕೀರ್ಣದಿಂದ ಕರಗಿಸುತ್ತದೆ. ಮಾನವ ಜೀವಕೋಶಗಳಲ್ಲಿಯೂ ಇರುವ ಈ ಸಂಕೀರ್ಣವೇ ಮುಂದೆ ವಿವರಿಸಿರುವ ಕ್ಯಾನ್ಸರ್ ಔಷಧವೊಂದರ ಗುರಿ.

ಎರಡನೆಯ ವೀರ್ಯಾಣುವಿಗೆ ತಡೆ

ಒಂದು ಅಂಡಾಣುವಿಗೆ ಎರಡು ವೀರ್ಯಾಣುಗಳು ಸೇರಿದರೆ ಭ್ರೂಣದಲ್ಲಿ 46ರ ಬದಲು 69 ವರ್ಣತಂತುಗಳಾಗುತ್ತವೆ. ಅಂಥ ಭ್ರೂಣಗಳು ಬಹುತೇಕ ಗರ್ಭಪಾತದಲ್ಲಿ ಕೊನೆಗೊಳ್ಳುತ್ತವೆ. ಇದನ್ನು ತಪ್ಪಿಸುವ ಒಂದು ಉಪಾಯವೂ ಪ್ರೋಟಿಯೇಸ್‌ನದೇ. ಮೊದಲ ವೀರ್ಯಾಣು ಕೂಡಿಕೊಂಡಾಗ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಅಲೆಯೊಂದು ಏಳುತ್ತದೆ. ಅಂಚಿನಲ್ಲಿ ಸಾಲುಗಟ್ಟಿರುವ ಸಣ್ಣ ಕಣಗಳು ಒಡೆದು ಒವಾಸ್ಟಾಸಿನ್ ಎಂಬ ಸತುಯುಕ್ತ ಕಿಣ್ವವನ್ನು ಹೊರಚೆಲ್ಲುತ್ತವೆ. ಅದು ಹೊದಿಕೆಯ ಜೆಡ್‌ಪಿ2 ಎಂಬ ಪ್ರೋಟೀನನ್ನು ಒಂದು ನಿರ್ದಿಷ್ಟ ತಾಣದಲ್ಲಿ ಕತ್ತರಿಸುತ್ತದೆ. ಆಮೇಲೆ ಬಂದ ವೀರ್ಯಾಣುಗಳಿಗೆ ಅಂಟಿಕೊಳ್ಳಲು ಹಿಡಿತವೇ ಸಿಗುವುದಿಲ್ಲ. ಈ ಕಿಣ್ವದ ಪಾತ್ರವನ್ನು ಜ್ಯೂರಿಯನ್ ಡೀನ್ ಅವರ ತಂಡ 2012ರಲ್ಲಿ ತೋರಿಸಿಕೊಟ್ಟಿತು. ಜೆಡ್‌ಪಿ2 ಕತ್ತರಿಸಲಾಗದಂತೆ ಮಾರ್ಪಡಿಸಿದ ಇಲಿಗಳಲ್ಲಿ, ಆಗಲೇ ಎರಡು ಕೋಶಗಳಾಗಿ ಒಡೆದ ಭ್ರೂಣಕ್ಕೂ ವೀರ್ಯಾಣುಗಳು ಅಂಟಿಕೊಳ್ಳುತ್ತಿದ್ದವು.

ಅಂಡಾಣುವಿನಿಂದ ಒವಾಸ್ಟಾಸಿನ್ ಸ್ವಲ್ಪ ಸ್ವಲ್ಪವಾಗಿ ಮೊದಲೇ ಸೋರುವುದುಂಟು. ರಕ್ತದ್ರವದಲ್ಲಿರುವ ಫೆಟುಯಿನ್ ಬಿ ಎಂಬ ಪ್ರೋಟೀನು ಹೀಗೆ ಸೋರಿದ ಕಿಣ್ವವನ್ನು ತಡೆಹಿಡಿಯುತ್ತದೆ. ಈ ಪ್ರೋಟೀನಿಲ್ಲದ ಹೆಣ್ಣಿಲಿಗಳಲ್ಲಿ ನಿಷೇಚನಕ್ಕೆ ಮುನ್ನವೇ ಹೊದಿಕೆ ಗಡುಸಾಗಿ ಅವು ಬಂಜೆಯಾಗುತ್ತವೆ ಎಂದು 2013ರಲ್ಲಿ ಕಂಡುಬಂತು. ಬಾಗಿಲು ತಡವಾಗಿ ಮುಚ್ಚಿದರೆ ಒಂದು ಬಗೆಯ ಕೇಡು, ಮೊದಲೇ ಮುಚ್ಚಿದರೆ ಇನ್ನೊಂದು ಬಗೆಯದು.

ಅಂಡಾಣುವಿನ ವಿಭಜನೆಯ ಪುನರಾರಂಭ

ಬಿಡುಗಡೆಯಾದ ಅಂಡಾಣು ತನ್ನ ಎರಡನೆಯ ಅರೆವಿಭಜನೆಯ ನಡುವೆ ನಿಂತುಬಿಟ್ಟಿರುತ್ತದೆ. ವರ್ಣತಂತುವಿನ ಜೋಡಿ ಎಳೆಗಳನ್ನು ಕೊಹೆಸಿನ್ ಎಂಬ ಪ್ರೋಟೀನು ಉಂಗುರ ಕಟ್ಟಿ ಹಿಡಿದಿಟ್ಟಿರುತ್ತದೆ. ಆ ಉಂಗುರವನ್ನು ಕತ್ತರಿಸಬಲ್ಲ ಸೆಪರೇಸ್ ಎಂಬ ಪ್ರೋಟಿಯೇಸ್‌ಗೆ ಸೆಕ್ಯೂರಿನ್ ಎಂಬ ಪ್ರೋಟೀನು ಕಾವಲಿರುತ್ತದೆ. ವೀರ್ಯಾಣು ತಂದ ಕ್ಯಾಲ್ಸಿಯಂ ಸಂಕೇತದ ನಂತರ ಪ್ರೋಟಿಯಾಸೋಮ್ ಸೆಕ್ಯೂರಿನ್ ಅನ್ನು ನಾಶಪಡಿಸುತ್ತದೆ, ಸೆಪರೇಸ್ ಉಂಗುರವನ್ನು ಕತ್ತರಿಸುತ್ತದೆ, ವಿಭಜನೆ ಪೂರ್ಣಗೊಳ್ಳುತ್ತದೆ. ದೇಹದ ಇತರ ಕೋಶಗಳ ವಿಭಜನೆಯಲ್ಲಿಯೂ ಇದೇ ಕ್ರಮವಿದೆ. ಹಲವು ಗಂತಿಗಳಲ್ಲಿ ಸೆಕ್ಯೂರಿನ್ ಪ್ರಮಾಣ ಅಸಹಜವಾಗಿ ಹೆಚ್ಚಿರುವುದು ಕಂಡುಬಂದಿದೆ.

ಭ್ರೂಣದ ನೆಲೆಯೂರುವಿಕೆ ಮತ್ತು ಗಂತಿಯ ಹರಡುವಿಕೆ

ನಿಷೇಚನದ ನಂತರ ಸುಮಾರು ಒಂದು ವಾರದಲ್ಲಿ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿ ಅದರೊಳಗೆ ಹುದುಗತೊಡಗುತ್ತದೆ. ಭ್ರೂಣದ ಹೊರಪದರವಾದ ಟ್ರೋಫೋಬ್ಲಾಸ್ಟ್ ಕೋಶಗಳು ತಾಯಿಯ ಅಂಗಾಂಶದ ಪ್ರೋಟೀನು ಜಾಲವನ್ನು ಕತ್ತರಿಸಿಕೊಂಡು ರಕ್ತನಾಳಗಳತ್ತ ಸಾಗುತ್ತವೆ. ಇದಕ್ಕೆ ಅವು ಬಳಸುವುದು ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್‌ಗಳನ್ನು (ಎಂಎಂಪಿ). ಕೋಶಗಳ ನಡುವಿನ ಕೊಲಾಜೆನ್ ಮುಂತಾದ ಆಧಾರ ಪ್ರೋಟೀನುಗಳನ್ನು ಕತ್ತರಿಸುವ ಈ ಗುಂಪಿನ 23 ಕಿಣ್ವಗಳು ಮಾನವರಲ್ಲಿವೆ. ಇವುಗಳಲ್ಲಿ ಮೊದಲನೆಯದನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಕಂಡುಹಿಡಿದದ್ದು ಗೊದಮೊಟ್ಟೆಯಲ್ಲಿ. ಕಪ್ಪೆಯಾಗುವಾಗ ಅದರ ಬಾಲ ಹೇಗೆ ಮಾಯವಾಗುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು.

ತಾಯಿಯ ಅಂಗಾಂಶವು ಪ್ರತಿಬಂಧಕಗಳನ್ನು ಸ್ರವಿಸಿ ಈ ಮುನ್ನಡೆಯನ್ನು ಮಿತಿಯಲ್ಲಿಡುತ್ತದೆ. ಟ್ರೋಫೋಬ್ಲಾಸ್ಟ್ ಸಾಕಷ್ಟು ಆಳಕ್ಕೆ ಇಳಿಯದಿದ್ದರೆ ಗರ್ಭಿಣಿಯ ರಕ್ತದೊತ್ತಡ ಏರುವ ಪ್ರಿ‌ಎಕ್ಲಾಂಪ್ಸಿಯಾ ತಲೆದೋರುವ ಸಂಭವ ಹೆಚ್ಚು. ಮಿತಿಮೀರಿ ಇಳಿದರೆ ಹೆರಿಗೆಯ ವೇಳೆ ಮಾಸು ಬೇರ್ಪಡದೆ ಅಪಾಯಕಾರಿ ರಕ್ತಸ್ರಾವವಾಗುತ್ತದೆ.

ಕ್ಯಾನ್ಸರ್ ಕೋಶಗಳು ಅನುಸರಿಸುವುದೂ ಇದೇ ದಾರಿಯನ್ನು, ಆದರೆ ಅವುಗಳಿಗೆ ಆ ಮಿತಿಯಿಲ್ಲ. ಅಂಗಾಂಶಗಳ ಕೆಳಗಿರುವ ಆಧಾರಪೊರೆಯ ಕೊಲಾಜೆನ್ ಅನ್ನು ಕರಗಿಸುವ ಸಾಮರ್ಥ್ಯ ಹೆಚ್ಚಿರುವ ಗಂತಿಕೋಶಗಳೇ ದೂರದ ಅಂಗಗಳಿಗೆ ಹೆಚ್ಚಾಗಿ ಹರಡುತ್ತವೆ ಎಂದು 1980ರಲ್ಲಿ ಲ್ಯಾನ್ಸ್ ಲಿಯೊಟ್ಟಾ ಮತ್ತು ಸಂಗಡಿಗರು ತೋರಿಸಿದರು. ಎಡಾಮ್ ಎಂಬ ಇನ್ನೊಂದು ಕುಟುಂಬದ ಕಥೆಯೂ ಗಮನಾರ್ಹ. ಅದರ ಆರಂಭಿಕ ಸದಸ್ಯರು ಪತ್ತೆಯಾದದ್ದು ಗಿನಿಯಿಲಿಯ ವೀರ್ಯಾಣುವಿನ ಮೇಲೆ, ಅಂಡಾಣುವಿನೊಡನೆ ಬೆರೆಯಲು ನೆರವಾಗುವ ಪ್ರೋಟೀನುಗಳೆಂದು. ಅದೇ ಕುಟುಂಬದ ಎಡಾಮ್10 ಮತ್ತು ಎಡಾಮ್17 ಕೋಶದ ಹೊರಮೈಯಲ್ಲಿರುವ ಬೆಳವಣಿಗೆಯ ಸಂಕೇತಗಳನ್ನು ಕತ್ತರಿಸಿ ಬಿಡುಗಡೆ ಮಾಡಿ ಗಂತಿಗೆ ಪೋಷಣೆ ನೀಡುತ್ತವೆ. ಸ್ತನ ಕ್ಯಾನ್ಸರಿನಲ್ಲಿ ಎಡಾಮ್10 ಹರ್2 ಗ್ರಾಹಕದ ಹೊರಭಾಗವನ್ನು ಕತ್ತರಿಸಿಹಾಕಬಲ್ಲದು. ಟ್ರಾಸ್ಟುಜುಮಾಬ್ ಔಷಧ ಅಂಟಿಕೊಳ್ಳಬೇಕಾದುದು ಆ ಹೊರಭಾಗಕ್ಕೇ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪಾತ್ರ

ಎಂಎಂಪಿ ಪ್ರತಿಬಂಧಕಗಳ ವೈಫಲ್ಯ

ಹರಡುವಿಕೆಗೆ ಎಂಎಂಪಿಗಳು ಬೇಕೆಂದಾದರೆ ಅವುಗಳನ್ನು ತಡೆದರೆ ಸಾಕು ಎಂಬ ತರ್ಕದಿಂದ 1990ರ ದಶಕದಲ್ಲಿ ಬ್ಯಾಟಿಮಾಸ್ಟ್ಯಾಟ್, ಮಾರಿಮಾಸ್ಟ್ಯಾಟ್, ಪ್ರಿನೊಮಾಸ್ಟ್ಯಾಟ್, ಟ್ಯಾನೊಮಾಸ್ಟ್ಯಾಟ್ ಮುಂತಾದ ಔಷಧಗಳು ತಯಾರಾದವು. ಇಲಿಗಳಲ್ಲಿ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ಮಾನವರಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಇವು ಆಯುಷ್ಯವನ್ನು ನಿರೀಕ್ಷಿಸಿದಂತೆ ಹೆಚ್ಚಿಸಲಿಲ್ಲ. ಮಾರಿಮಾಸ್ಟ್ಯಾಟ್ ಪಡೆದ ಅನೇಕರಿಗೆ ಕೀಲು ಮತ್ತು ಸ್ನಾಯುಗಳಲ್ಲಿ ತೀವ್ರ ನೋವು ಕಾಣಿಸಿಕೊಂಡಿತು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಟ್ಯಾನೊಮಾಸ್ಟ್ಯಾಟ್ ಪಡೆದವರ ಸ್ಥಿತಿ ಹುಸಿಮಾತ್ರೆ ಪಡೆದವರಿಗಿಂತ ಕೆಟ್ಟದ್ದಾದುದರಿಂದ ಪ್ರಯೋಗವನ್ನು ನಿಲ್ಲಿಸಲಾಯಿತು.

ಕಾರಣಗಳು ಆಮೇಲೆ ಸ್ಪಷ್ಟವಾದವು. ಈ ಔಷಧಗಳನ್ನು ಬಹುಪಾಲು ರೋಗ ಆಗಲೇ ಹರಡಿದವರ ಮೇಲೆ ಪರೀಕ್ಷಿಸಲಾಗಿತ್ತು. ಎಂಎಂಪಿಗಳ ಮುಖ್ಯ ಕೆಲಸವಿದ್ದುದು ಅದಕ್ಕೂ ಮೊದಲಿನ ಹಂತಗಳಲ್ಲಿ. ಅಲ್ಲದೆ ಎಲ್ಲ ಎಂಎಂಪಿಗಳೂ ಗಂತಿಯ ಪರವಲ್ಲ. ಎಂಎಂಪಿ8 ಇಲ್ಲದ ಗಂಡಿಲಿಗಳಲ್ಲಿ ಚರ್ಮದ ಗಂತಿಗಳು ಹೆಚ್ಚಾದವೆಂದು ಸ್ಪೇನಿನ ಕಾರ್ಲೋಸ್ ಲೋಪೆಜ್ ಒಟಿನ್ ಅವರ ತಂಡ 2003ರಲ್ಲಿ ತೋರಿಸಿತು. ಒಂದೇ ಔಷಧದಿಂದ ಇಡೀ ಕುಟುಂಬವನ್ನು ತಡೆದಾಗ ರಕ್ಷಕ ಕಿಣ್ವಗಳೂ ಸ್ತಬ್ಧವಾದವು.

ಪ್ರೋಟಿಯಾಸೋಮ್ ಪ್ರತಿಬಂಧಕಗಳು

ಪ್ರೋಟಿಯಾಸೋಮ್ ಜೀವಕೋಶದ ಒಳಗಿನ ಪ್ರೋಟೀನು ವಿಲೇವಾರಿ ಘಟಕ. ಅದರ ತಿರುಳು ಪೀಪಾಯಿಯ ಆಕಾರದ್ದು. ಏಳೇಳು ಘಟಕಗಳ ನಾಲ್ಕು ಉಂಗುರಗಳು ಒಂದರ ಮೇಲೊಂದು ಕೂತಿರುತ್ತವೆ, ಕತ್ತರಿಸುವ ತಾಣಗಳು ಒಳಮೈಯಲ್ಲಿವೆ. ಕೆಟ್ಟ ಅಥವಾ ಕೆಲಸ ಮುಗಿದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸಿ ಇದರೊಳಗೆ ತಳ್ಳಲಾಗುತ್ತದೆ. ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಸಿಚನೋವರ್, ಅವ್ರಾಮ್ ಹರ್ಷ್‌ಕೊ ಹಾಗೂ ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಪ್ರೋಟಿಯಾಸೋಮ್ ಅನ್ನು ತಡೆಯುವ ಔಷಧದ ಹುಡುಕಾಟ ಆರಂಭವಾದುದು ಕ್ಯಾನ್ಸರಿಗಾಗಿ ಅಲ್ಲ, ಕಾಯಿಲೆಗಳಲ್ಲಿ ಸ್ನಾಯುಗಳು ಸವೆಯುವುದನ್ನು ನಿಲ್ಲಿಸುವುದಕ್ಕಾಗಿ. ಹಾರ್ವರ್ಡ್‌ನ ಆಲ್ಫ್ರೆಡ್ ಗೋಲ್ಡ್‌ಬರ್ಗ್ ಮತ್ತಿತರರು ಈ ಉದ್ದೇಶದಿಂದ 1993ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ, ಬೋರಾನ್ ಅಣುವನ್ನೊಳಗೊಂಡ ಬೋರ್ಟೆಜೋಮಿಬ್ ಕೊನೆಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತಸಂಬಂಧಿ ಕ್ಯಾನ್ಸರಿಗೆ ಔಷಧವಾಯಿತು. 2003ರ ಮೇ ತಿಂಗಳಲ್ಲಿ ಎಫ್‌ಡಿಎ ಅದಕ್ಕೆ ಒಪ್ಪಿಗೆ ನೀಡಿತು. ಅಸ್ಥಿಮಜ್ಜೆಯಲ್ಲಿ ಬೆಳೆಯುವ ಮೈಲೋಮಾ ಕೋಶಗಳು ಪ್ರತಿಕಾಯ ಪ್ರೋಟೀನನ್ನು ವಿಪರೀತವಾಗಿ ತಯಾರಿಸುತ್ತವೆ. ಆದ್ದರಿಂದ ಅವುಗಳಲ್ಲಿ ಕೆಟ್ಟ ಪ್ರೋಟೀನಿನ ರಾಶಿಯೂ ದೊಡ್ಡದು. ವಿಲೇವಾರಿ ನಿಂತಾಗ ಇತರ ಕೋಶಗಳಿಗಿಂತ ಮೊದಲು ಅವು ಸಾಯುತ್ತವೆ. ನಂತರ ಕಾರ್ಫಿಲ್ಜೋಮಿಬ್ (2012) ಮತ್ತು ಬಾಯಿಯ ಮೂಲಕ ತೆಗೆದುಕೊಳ್ಳುವ ಇಕ್ಸಾಜೋಮಿಬ್ (2015) ಬಂದವು. ಭಾರತದಲ್ಲಿ ಬೋರ್ಟೆಜೋಮಿಬ್‌ನ ಜನರಿಕ್ ರೂಪಗಳು ದೊರೆಯುತ್ತವೆ.

ಬೋರ್ಟೆಜೋಮಿಬ್‌ನ ಮುಖ್ಯ ಅಡ್ಡಪರಿಣಾಮ ಕೈಕಾಲುಗಳ ನರಗಳಿಗೆ ಆಗುವ ಹಾನಿ: ಜುಮುಗುಡುವುದು, ಉರಿ, ಸ್ಪರ್ಶಜ್ಞಾನ ಕುಂದುವುದು. ರಕ್ತನಾಳಕ್ಕೆ ಬದಲು ಚರ್ಮದಡಿಗೆ ಚುಚ್ಚಿದರೆ ಈ ತೊಂದರೆ ಕಡಿಮೆ ಎಂದು 2011ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ರಕ್ತದ ಪ್ಲೇಟ್‌ಲೆಟ್‌ಗಳು ಕಡಿಮೆಯಾಗುವುದೂ ಸರ್ಪಸುತ್ತು ಕಾಣಿಸಿಕೊಳ್ಳುವುದೂ ಉಂಟು. ಗ್ರೀನ್ ಟೀಯಲ್ಲಿರುವ ಒಂದು ಅಂಶ ಔಷಧದ ಬೋರಾನ್‌ಗೆ ಅಂಟಿಕೊಂಡು ಅದರ ಪರಿಣಾಮವನ್ನು ಕುಂದಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ, ಚಿಕಿತ್ಸೆಯ ಅವಧಿಯಲ್ಲಿ ಗ್ರೀನ್ ಟೀ ಸಾರದ ಮಾತ್ರೆಗಳನ್ನು ಬಿಡುವಂತೆ ವೈದ್ಯರು ಸೂಚಿಸುತ್ತಾರೆ. ಪ್ರೋಟಿಯಾಸೋಮ್ ಭ್ರೂಣದ ಬೆಳವಣಿಗೆಗೂ ಬೇಕಾದ್ದರಿಂದ ಈ ಔಷಧ ಪಡೆಯುವ ಸ್ತ್ರೀಪುರುಷರಿಬ್ಬರೂ ಚಿಕಿತ್ಸೆಯ ಕಾಲದಲ್ಲಿ ಮತ್ತು ಆ ಬಳಿಕ ಕೆಲವು ತಿಂಗಳು ಗರ್ಭನಿರೋಧಕ ಬಳಸಬೇಕಾಗುತ್ತದೆ.

ಪ್ರೋಟಿಯೇಸ್‌ಗಳನ್ನೇ ಸಾಧನವಾಗಿಸುವುದು

ಕೆಲವು ಚಿಕಿತ್ಸೆಗಳು ಪ್ರೋಟಿಯೇಸ್ ಅನ್ನು ತಡೆಯುವ ಬದಲು ಅದರಿಂದ ಕೆಲಸ ತೆಗೆಯುತ್ತವೆ. ಹಾಜ್ಕಿನ್ ಲಿಂಫೋಮಾಕ್ಕೆ 2011ರಲ್ಲಿ ಒಪ್ಪಿಗೆ ಪಡೆದ ಬ್ರೆಂಟುಕ್ಸಿಮಾಬ್ ವೆಡೋಟಿನ್ ಔಷಧದಲ್ಲಿ ಪ್ರತಿಕಾಯಕ್ಕೆ ವಿಷದ ಅಣುವನ್ನು ಎರಡು ಅಮೈನೋ ಆಮ್ಲಗಳ ಕೊಂಡಿಯಿಂದ ಜೋಡಿಸಲಾಗಿದೆ. ರಕ್ತದಲ್ಲಿ ಆ ಕೊಂಡಿ ಬಹುಮಟ್ಟಿಗೆ ಭದ್ರ. ಕ್ಯಾನ್ಸರ್ ಕೋಶ ಅದನ್ನು ಒಳಗೆಳೆದುಕೊಂಡಾಗ ಕೋಶದ ಕ್ಯಾಥೆಪ್ಸಿನ್ ಬಿ ಮುಂತಾದ ಪ್ರೋಟಿಯೇಸ್‌ಗಳು ಕೊಂಡಿಯನ್ನು ಕತ್ತರಿಸಿ ವಿಷವನ್ನು ಬಿಡುಗಡೆ ಮಾಡುತ್ತವೆ.

ದೇಹದ ರೋಗನಿರೋಧಕ ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಿಧಾನವೂ ಇಂಥದೇ. ಪರ್ಫೊರಿನ್ ಎಂಬ ಪ್ರೋಟೀನಿನಿಂದ ದಾರಿ ಮಾಡಿಕೊಂಡು ಅವು ಗ್ರಾಂಜೈಮ್ ಬಿ ಎಂಬ ಪ್ರೋಟಿಯೇಸ್ ಅನ್ನು ಒಳಸೇರಿಸುತ್ತವೆ. ಅದು ಕಾಸ್ಪೇಸ್ ಎಂಬ ಇನ್ನೊಂದು ಬಗೆಯ ಪ್ರೋಟಿಯೇಸ್‌ಗಳನ್ನು ಎಬ್ಬಿಸುತ್ತದೆ. ಕಾಸ್ಪೇಸ್‌ಗಳು ಕೋಶವನ್ನು ಒಳಗಿನಿಂದ ಕ್ರಮಬದ್ಧವಾಗಿ ಕಳಚುತ್ತವೆ. 2016ರಲ್ಲಿ ಬಳಕೆಗೆ ಬಂದ ವೆನೆಟೊಕ್ಲ್ಯಾಕ್ಸ್ ಈ ಮರಣವನ್ನು ತಡೆಹಿಡಿದಿರುವ ಪ್ರೋಟೀನನ್ನು ನಿಷ್ಕ್ರಿಯಗೊಳಿಸಿ ಕಾಸ್ಪೇಸ್‌ಗಳಿಗೆ ದಾರಿ ಬಿಡಿಸುತ್ತದೆ.

ಕಿಣ್ವ ಸೇವನೆಯಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂಬ ವಾದ

ಭ್ರೂಣದ ನೆಲೆಯೂರುವಿಕೆಗೂ ಕ್ಯಾನ್ಸರಿಗೂ ಇರುವ ಹೋಲಿಕೆಯನ್ನು ಬಹು ಹಿಂದೆಯೇ ಗುರುತಿಸಿದವನು ಎಡಿನ್‌ಬರೋ ವಿಶ್ವವಿದ್ಯಾಲಯದ ಭ್ರೂಣಶಾಸ್ತ್ರಜ್ಞ ಜಾನ್ ಬಿಯರ್ಡ್. ಟ್ರೋಫೋಬ್ಲಾಸ್ಟಿನ ಮುನ್ನುಗ್ಗುವಿಕೆ ಭ್ರೂಣದ ಮೇದೋಜೀರಕ ಗ್ರಂಥಿ ಕೆಲಸ ಆರಂಭಿಸುವ ಹೊತ್ತಿಗೆ ತಗ್ಗುತ್ತದೆಂದು ಅವನು ಭಾವಿಸಿದನು. ಹಾಗಾದರೆ ಆ ಗ್ರಂಥಿಯ ಕಿಣ್ವಗಳೇ ಕ್ಯಾನ್ಸರನ್ನೂ ತಗ್ಗಿಸಬೇಕೆಂದು ವಾದಿಸಿ, 1911ರಲ್ಲಿ ಈ ಚಿಕಿತ್ಸೆಯ ಕುರಿತು ಪುಸ್ತಕವನ್ನೇ ಪ್ರಕಟಿಸಿದನು. ಹೋಲಿಕೆಯ ಗ್ರಹಿಕೆ ಚುರುಕಾದುದು, ಅದರಿಂದ ಎಳೆದ ಚಿಕಿತ್ಸೆಯ ತೀರ್ಮಾನ ನಿಲ್ಲಲಿಲ್ಲ. ಆದರೂ ಮೇದೋಜೀರಕ ಕಿಣ್ವ, ಪಪ್ಪಾಯಿಯ ಪಪೇಯಿನ್, ಅನಾನಸಿನ ಬ್ರೊಮೆಲೈನ್‌ಗಳ ಮಾತ್ರೆಗಳನ್ನು ಕ್ಯಾನ್ಸರಿಗೆ ಮದ್ದೆಂದು ಹೇಳುವುದು ಇಂದಿಗೂ ನಡೆದಿದೆ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 55 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರಮಾಣದ ಕಿಣ್ವಗಳು ಹಾಗೂ ವಿಶೇಷ ಆಹಾರಕ್ರಮ ಒಂದು ಆಯ್ಕೆ, ರೂಢಿಯ ಕಿಮೋಥೆರಪಿ ಇನ್ನೊಂದು. ಯಾವ ಚಿಕಿತ್ಸೆ ಎಂಬುದನ್ನು ರೋಗಿಗಳೇ ಆರಿಸಿಕೊಂಡಿದ್ದರಿಂದ ಇದು ಯಾದೃಚ್ಛಿಕ ಪ್ರಯೋಗವಲ್ಲ, ಆ ಮಿತಿಯನ್ನು ಗಮನಿಸಬೇಕು. ಕಿಣ್ವಗಳನ್ನು ಆರಿಸಿಕೊಂಡ 32 ಮಂದಿಯ ಮಧ್ಯಕ ಬದುಕುಳಿದ ಅವಧಿ 4.3 ತಿಂಗಳು, ಕಿಮೋಥೆರಪಿ ಪಡೆದ 23 ಮಂದಿಯದು 14 ತಿಂಗಳು. ಜೀವನದ ಗುಣಮಟ್ಟದ ಅಂಕಗಳೂ ಕಿಮೋಥೆರಪಿ ಪಡೆದವರಲ್ಲೇ ಉತ್ತಮವಾಗಿದ್ದವು.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಿಗೆ ವೈದ್ಯರು ಕಿಣ್ವದ ಮಾತ್ರೆಗಳನ್ನು ಬರೆದುಕೊಡುವುದುಂಟು. ಅದು ಗ್ರಂಥಿ ಕೆಟ್ಟು ನಿಂತುಹೋದ ಜೀರ್ಣಕ್ರಿಯೆಯನ್ನು ಸರಿಪಡಿಸಲು, ಗಂತಿಯನ್ನು ಕರಗಿಸಲು ಅಲ್ಲ. ಭಾರತದಲ್ಲಿ ಊತಕ್ಕೆಂದು ಕೊಡುವ ಸೆರಾಟಿಯೊಪೆಪ್ಟಿಡೇಸ್ ಮಾತ್ರೆಯೂ ಕ್ಯಾನ್ಸರ್ ಔಷಧವಲ್ಲ. ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಬಳಸುವ ಆಸ್ಪಾರಜಿನೇಸ್ ನಿಜಕ್ಕೂ ಕಿಣ್ವವೇ ಆಗಿದ್ದು, ಪರಿಣಾಮಕಾರಿಯೂ ಹೌದು. ಆದರೆ ಅದು ಪ್ರೋಟಿಯೇಸ್ ಅಲ್ಲ. ಚುಚ್ಚುಮದ್ದಿನ ರೂಪದಲ್ಲಿ ರಕ್ತ ಸೇರಿ ಆಸ್ಪಾರಜಿನ್ ಎಂಬ ಬಿಡಿ ಅಮೈನೋ ಆಮ್ಲವನ್ನು ಒಡೆಯುತ್ತದೆ. ಅದನ್ನು ತಾವೇ ಸಾಕಷ್ಟು ತಯಾರಿಸಿಕೊಳ್ಳಲಾರದ ಕ್ಯಾನ್ಸರ್ ಕೋಶಗಳು ಆ ಕೊರತೆಯಿಂದ ಸಾಯುತ್ತವೆ.